ಕವಾಟವನ್ನು ಮುಚ್ಚಿಸುವ ಸ್ಪ್ರಿಂಗ್

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಜಾವಾ, ಆಮೇಲಿನ ಯೆಜ್ಡಿ ಬೈಕುಗಳನ್ನು ನೀವು ನೋಡಿರಬಹುದು. ಅವುಗಳ ಟೂ-ಸ್ಟ್ರೋಕ್ ಎಂಜಿನ್ ಬಿಚ್ಚಿದರೆ ಕವಾಟದ ಸ್ಪ್ರಿಂಗ್ ಸಿಗದು. ಏಕೆಂದರೆ ಸಿಲಿಂಡರಿನ ಗೋಡೆಯಲ್ಲಿದ್ದ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತಿತ್ತು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮತ್ತೆ ಬಂದಾಗ ಎಂಜಿನ್ ಫೋರ್-ಸ್ಟ್ರೋಕ್ ಆಗಿತ್ತು: 293 ಸಿಸಿ, ಎರಡು ಕ್ಯಾಮ್ ದಂಡ, ನಾಲ್ಕು ಕವಾಟ. ಅವುಗಳೊಂದಿಗೆ ಸ್ಪ್ರಿಂಗುಗಳೂ ಬಂದವು. ಈ ಪುಟ್ಟ ಸುರುಳಿಗಳ ಚರಿತ್ರೆ ಸ್ವಾರಸ್ಯಕರ.

ಸ್ಪ್ರಿಂಗಿನ ಬಲ ಅದರ ಹಿಗ್ಗುವಿಕೆಗೆ ಅನುಪಾತದಲ್ಲಿರುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ. ಮೊದಮೊದಲ ಕಾರು ಎಂಜಿನ್ನುಗಳಲ್ಲಿ ಒಳಸೇರುವ ಕವಾಟಕ್ಕೆ ಕ್ಯಾಮ್ ಇರಲಿಲ್ಲ. ಪಿಸ್ಟನ್ ಇಳಿದಾಗ ಉಂಟಾಗುವ ಹೀರುವಿಕೆಯೇ ಅದನ್ನು ತೆರೆಯುತ್ತಿತ್ತು. ಒಂದು ದುರ್ಬಲ ಸ್ಪ್ರಿಂಗ್ ಮುಚ್ಚುತ್ತಿತ್ತು. ವೇಗ ಹೆಚ್ಚಿದಂತೆ ಈ ವ್ಯವಸ್ಥೆ ಸಾಲದಾಯಿತು. 1901ರ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರಿನಲ್ಲಿ ಒಳಸೇರುವ ಕವಾಟವನ್ನೂ ಕ್ಯಾಮ್ ತೆರೆಯಿತು.

ಇಲ್ಲಿಂದ ಸ್ಪ್ರಿಂಗಿನ ಹೊಣೆ ಹೆಚ್ಚಿತು. ಕ್ಯಾಮ್ ಕವಾಟವನ್ನು ತಳ್ಳಬಲ್ಲದು, ಎಳೆಯಲಾರದು. ಕವಾಟ ಕ್ಯಾಮನ್ನು ಬಿಡದಂತೆ ಒತ್ತಿ ಹಿಡಿದು, ಮತ್ತೆ ಮುಚ್ಚಿಸಬೇಕಾದದ್ದು ಸ್ಪ್ರಿಂಗ್. ನಿಮಿಷಕ್ಕೆ 6000 ಸುತ್ತುವ ಎಂಜಿನ್ನಿನಲ್ಲಿ ಕ್ಯಾಮ್ 3000 ಸುತ್ತು ತಿರುಗುತ್ತದೆ. ಅಂದರೆ ಪ್ರತಿ ಕವಾಟ ಸೆಕೆಂಡಿಗೆ 50 ಬಾರಿ ತೆರೆದು ಮುಚ್ಚುತ್ತದೆ. ಎಂಜಿನ್ ಬದಲಾಯಿಸಿ ಅದನ್ನು 7500 ಸುತ್ತಿಗೆ ಏರಿಸಿದಿರಿ ಎನ್ನಿ. ವೇಗ 1.25 ಪಟ್ಟು ಏರಿತು. ಆದರೆ ಕವಾಟದ ವೇಗೋತ್ಕರ್ಷ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹಾಗಾಗಿ ಬೇಕಾಗುವ ಬಲ ಶೇಕಡಾ 56ರಷ್ಟು ಹೆಚ್ಚು! ಹಳೆಯ ಸ್ಪ್ರಿಂಗಿನಲ್ಲಿ ಅಷ್ಟು ಬಲ ಇಲ್ಲದಿದ್ದರೆ ಕವಾಟ ಕ್ಯಾಮಿನಿಂದ ಬೇರ್ಪಟ್ಟು ತೇಲುತ್ತದೆ, ಪೀಠದ ಮೇಲೆ ಬಡಿಯುತ್ತದೆ. ಪಿಸ್ಟನ್ನಿಗೆ ತಗುಲಿದರೆ ಎಂಜಿನ್ನೇ ಹಾಳು.

ಗಟ್ಟಿ ಸ್ಪ್ರಿಂಗ್ ಹಾಕಿದರೆ ಸಾಲದೇ? ಸಾಲದು. ಬಲ ಹೆಚ್ಚಿದಷ್ಟೂ ಕ್ಯಾಮಿನ ಸವೆತ, ಘರ್ಷಣೆ ಹೆಚ್ಚು. ಜೊತೆಗೆ ಅನುರಣನೆಯ ಕಾಟ. ಸ್ಪ್ರಿಂಗಿಗೂ ದ್ರವ್ಯರಾಶಿ ಇದೆ. ಅದಕ್ಕೊಂದು ಸಹಜ ಆವೃತ್ತಿ ಇದೆ. ಸ್ಥಿರಾಂಕ ಮಿಲಿಮೀಟರಿಗೆ 30 ನ್ಯೂಟನ್, ದ್ರವ್ಯರಾಶಿ 50 ಗ್ರಾಂ ಇರುವ ಸ್ಪ್ರಿಂಗಿಗೆ ಅದು ಸುಮಾರು 387 ಹರ್ಟ್ಸ್. ಕ್ಯಾಮ್ ಚಲನೆಯ ಹಲವು ಹರಾತ್ಮಕಗಳಲ್ಲಿ ಒಂದು ಇದಕ್ಕೆ ಸಮೀಪಿಸಿದರೆ ಸುರುಳಿಗಳೊಳಗೇ ಅಲೆಗಳು ಏಳುತ್ತವೆ. ಬಲ ಏರುಪೇರಾಗುತ್ತದೆ, ಲೋಹ ದಣಿದು ತುಂಡಾಗುತ್ತದೆ.

ಇದಕ್ಕೆ ತಂತ್ರಜ್ಞರು ಹುಡುಕಿದ ಉಪಾಯಗಳು ಹಲವು. ಬ್ರಿಟಿಷ್ ರೇಸ್ ಬೈಕುಗಳು ತಲೆಪಿನ್ನಿನಾಕಾರದ ಸ್ಪ್ರಿಂಗುಗಳನ್ನು ಬಳಸಿದವು. 1954ರ ಮರ್ಸಿಡಿಸ್ ಡಬ್ಲ್ಯು 196 ಕಾರಿನಲ್ಲಿ ಮುಚ್ಚುವುದಕ್ಕೂ ಪ್ರತ್ಯೇಕ ಕ್ಯಾಮ್ ಇತ್ತು. ಡುಕಾಟಿಯ ಫಾಬಿಯೊ ಟಾಗ್ಲಿಯೋನಿ 1956ರಲ್ಲಿ ಇದೇ ಜಾಡು ಹಿಡಿದ. 1986ರಲ್ಲಿ ರೆನೋ ಫಾರ್ಮುಲಾ ಒನ್ ಎಂಜಿನ್ನಿನಲ್ಲಿ ಲೋಹದ ಬದಲು ಒತ್ತಡದ ಅನಿಲವನ್ನೇ ಸ್ಪ್ರಿಂಗ್ ಆಗಿಸಿತು. ಆದರೆ 2020ರಲ್ಲಿ ಡುಕಾಟಿ ತನ್ನ ಮಲ್ಟಿಸ್ಟ್ರಾಡಾ ವಿ4ಗೆ ಸುರುಳಿ ಸ್ಪ್ರಿಂಗನ್ನೇ ಆರಿಸಿಕೊಂಡಿತು. ಉಕ್ಕು ಅಷ್ಟು ಸುಧಾರಿಸಿತ್ತು.

ಹಾಗಾದರೆ ಆಯ್ಕೆ ಹೇಗೆ? ಮೊದಲು ಕ್ಯಾಮ್ ಎಷ್ಟು ಎತ್ತುತ್ತದೆ, ಗರಿಷ್ಠ ವೇಗ ಎಷ್ಟು ಎಂಬುದು ಗೊತ್ತಿರಬೇಕು. ಕವಾಟ ಮುಚ್ಚಿದಾಗಿನ ಬಲ, ಪೂರ್ತಿ ತೆರೆದಾಗಿನ ಬಲ ಎರಡನ್ನೂ ಅಳೆಯಬೇಕು. ಪೂರ್ತಿ ತೆರೆದಾಗಲೂ ಸುರುಳಿಗಳು ಒಂದಕ್ಕೊಂದು ಒತ್ತಿ ನಿಲ್ಲದಂತೆ ಎಡೆ ಉಳಿಯಬೇಕು. ಕವಾಟ, ಅದರ ತಲೆಹಿಡಿಕೆಗಳ ತೂಕ ಇಳಿಸಿದರೆ ಕಡಿಮೆ ಬಲದ ಸ್ಪ್ರಿಂಗೇ ಸಾಕಾದೀತು. ಒಂದರೊಳಗೊಂದು ಜೋಡಿಸಿದ ಅಥವಾ ಜೇನುಗೂಡಿನಂತೆ ಮೇಲೆ ಕಿರಿದಾಗುವ ಸ್ಪ್ರಿಂಗುಗಳು ಅನುರಣನೆಯನ್ನು ತಗ್ಗಿಸುತ್ತವೆ.

ಭಟ್ಕಳ, ಜಾಲಿಯಂಥ ಕರಾವಳಿಯಲ್ಲಿ ಇರುವವರು ಇನ್ನೊಂದನ್ನು ನೆನಪಿಡಬೇಕು. ಎಣ್ಣೆ ಸವರದೆ ಹೊರಗಿಟ್ಟ ಸ್ಪ್ರಿಂಗಿಗೆ ಉಪ್ಪುಗಾಳಿ ತಗುಲಿದರೆ ತುಕ್ಕಿನ ಸಣ್ಣ ಕುಳಿ ಬೀಳುತ್ತದೆ. ದಣಿವಿನ ಬಿರುಕು ಶುರುವಾಗುವುದು ಇಂಥ ಕುಳಿಯಿಂದಲೇ.

ಶಿಕ್ಷಕರು ತರಗತಿಯಲ್ಲಿ ಒಂದು ಉದ್ದ ಸ್ಪ್ರಿಂಗನ್ನು ಮೇಜಿನ ಮೇಲೆ ಹಿಗ್ಗಿಸಿ ಹಿಡಿದು, ಒಂದು ತುದಿಯನ್ನು ಚಕ್ಕನೆ ತಳ್ಳಿ ತೋರಿಸಲಿ. ಓಡಿ ಹೋಗಿ ಮರಳುವ ಅಲೆಯನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ. ಎಂಜಿನ್ನಿನ ಮುಚ್ಚಳದಡಿ ನಡೆಯುವುದೂ ಅದೇ, ಸೆಕೆಂಡಿಗೆ ನೂರಾರು ಬಾರಿ.