ಸಮರ ಕ್ರೀಡೆಗಳಲ್ಲಿ ಕ್ಲಿಂಚ್ ಹಿಡಿತ: ತಡೆಯುವ ಹಾಗೂ ಬಿಡಿಸಿಕೊಳ್ಳುವ ಕ್ರಮಗಳು

1. ಪೀಠಿಕೆ

ಕುಸ್ತಿ, ಜೂಡೋ, ಬಾಕ್ಸಿಂಗ್, ಮುಯೆ ಥಾಯ್ ಮುಂತಾದ ಕ್ರೀಡೆಗಳ ತರಬೇತಿಗೆ ಹಾಗೂ ಆತ್ಮರಕ್ಷಣಾ ಶಿಬಿರಗಳಿಗೆ ಅರ್ಜಿ ಸಲ್ಲಿಸುವ ಅಭ್ಯರ್ಥಿಗಳು ಮತ್ತು ಅವರ ಪೋಷಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಇದು ತರಬೇತುದಾರರ ಮಾರ್ಗದರ್ಶನಕ್ಕೆ ಪರ್ಯಾಯವಲ್ಲ. ಯಾವ ತರಬೇತಿಯನ್ನು ಆಯ್ಕೆ ಮಾಡಿಕೊಳ್ಳಬೇಕು ಮತ್ತು ಅಲ್ಲಿ ಏನನ್ನು ನಿರೀಕ್ಷಿಸಬೇಕು ಎಂಬುದನ್ನು ನಿರ್ಧರಿಸಲು ಇದು ಸಹಕಾರಿಯಾಗಲಿದೆ.

2. ಕ್ಲಿಂಚ್ ಎಂದರೇನು?

ಇಬ್ಬರು ಸ್ಪರ್ಧಿಗಳು ನಿಂತ ನಿಲುವಿನಲ್ಲಿಯೇ ಒಬ್ಬರನ್ನೊಬ್ಬರು ಕತ್ತು, ತೋಳು ಅಥವಾ ಸೊಂಟದ ಭಾಗದಲ್ಲಿ ಬಿಗಿಯಾಗಿ ಹಿಡಿದುಕೊಂಡ ಸ್ಥಿತಿಯನ್ನು ಕ್ಲಿಂಚ್ ಎನ್ನಲಾಗುತ್ತದೆ. ನಮ್ಮ ಗರಡಿಮನೆಗಳಲ್ಲಿ ತೆಕ್ಕೆಗೆ ಬೀಳುವುದು ಎನ್ನುವುದೂ ಇಂತಹ ಸ್ಥಿತಿಯನ್ನೇ. ಹಿಡಿತಗಳ ಅಭ್ಯಾಸ ನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲಯುದ್ಧಕ್ಕೆಂದೇ ಒಂದು ಅಧ್ಯಾಯವಿದೆ.

3. ಮೂಲ ತತ್ವ

ಹಿಡಿತಕ್ಕೆ ಸಿಲುಕಿದವರು ಸಾಮಾನ್ಯವಾಗಿ ತೋಳ್ಬಲದಿಂದ ಕೊಸರಿಕೊಳ್ಳಲು ಯತ್ನಿಸಿ ಬೇಗನೆ ದಣಿಯುತ್ತಾರೆ. ಬಲಕ್ಕಿಂತ ನಿಲುವು ಮುಖ್ಯ. ತಲೆಯು ಸೊಂಟದ ನೇರದಲ್ಲಿದ್ದು ಬೆನ್ನು ನೆಟ್ಟಗಿರುವವರೆಗೆ ವ್ಯಕ್ತಿಯನ್ನು ಎಳೆದು ಕೆಡವುವುದು ಕಷ್ಟ. ತಲೆ ಬಾಗಿದೊಡನೆ ಸಮತೋಲನ ತಪ್ಪುತ್ತದೆ. ಆದ್ದರಿಂದ ಮೊದಲು ನಿಲುವನ್ನು ಸರಿಪಡಿಸಿಕೊಳ್ಳುವುದು, ಅನಂತರ ಹಿಡಿತವನ್ನು ಸಡಿಲಿಸುವುದು, ಕೊನೆಯಲ್ಲಿ ಅಂತರ ಕಾಯ್ದುಕೊಳ್ಳುವುದು, ಈ ಅನುಕ್ರಮವನ್ನು ಪಾಲಿಸತಕ್ಕದ್ದು.

4. ಹಿಡಿತಕ್ಕೆ ಸಿಲುಕದಿರಲು

1) ಕೈಗಳು ಎದೆಯ ಮಟ್ಟಕ್ಕಿಂತ ಮೇಲಿರಬೇಕು, ಮೊಣಕೈಗಳು ಪಕ್ಕೆಲುಬಿಗೆ ಸಮೀಪವಿರಬೇಕು.
2) ಎದುರಾಳಿ ಮುನ್ನುಗ್ಗಿದಾಗ ನೇರವಾಗಿ ಹಿಂದಕ್ಕೆ ಸರಿಯದೆ ಓರೆಯಾಗಿ ಪಕ್ಕಕ್ಕೆ ಹೆಜ್ಜೆ ಇಡಬೇಕು.
3) ಮುಂಗೈಯನ್ನು ಎದುರಾಳಿಯ ಕೊರಳೆಲುಬು ಅಥವಾ ತೋಳಿನ ಒಳಭಾಗಕ್ಕೆ ಅಡ್ಡವಾಗಿ ಒತ್ತಿಟ್ಟು ನಡುವೆ ಜಾಗ ಉಳಿಸಿಕೊಳ್ಳಬೇಕು.
4) ಕತ್ತಿನತ್ತ ಬರುವ ಕೈಯನ್ನು ಹಿಡಿತ ಬಿಗಿಯುವ ಮೊದಲೇ ತಪ್ಪಿಸಬೇಕು. ಬಿಗಿದ ಮೇಲೆ ಬಿಡಿಸಲು ಹೆಚ್ಚಿನ ಶ್ರಮ ಬೇಕಾಗುತ್ತದೆ.

5. ಬಿಡಿಸಿಕೊಳ್ಳುವ ಕ್ರಮಗಳು

(ಅ) ಎರಡೂ ಕೈಗಳಿಂದ ಕತ್ತನ್ನು ಹಿಡಿದಾಗ: ಎದುರಾಳಿಯು ಎರಡೂ ಅಂಗೈಗಳನ್ನು ತಲೆಯ ಹಿಂಭಾಗದಲ್ಲಿ ಒಂದರ ಮೇಲೊಂದಿಟ್ಟು ತಲೆಯನ್ನು ಕೆಳಕ್ಕೆ ಎಳೆಯುವ ಈ ಹಿಡಿತ ಮುಯೆ ಥಾಯ್‌ನಲ್ಲಿ ಸಾಮಾನ್ಯ. ಇಲ್ಲಿ ಹಿಂದಕ್ಕೆ ಜಗ್ಗಿದಲ್ಲಿ ಕತ್ತು ಬಾಗಿ, ಮುಖವು ಮೊಣಕಾಲಿನ ಹೊಡೆತಕ್ಕೆ ಈಡಾಗುತ್ತದೆ. ಬದಲಾಗಿ ಸೊಂಟವನ್ನು ಎದುರಾಳಿಯ ಸಮೀಪಕ್ಕೆ ತಂದು, ಗದ್ದವನ್ನು ಒಳಕ್ಕಿಟ್ಟು, ಬೆನ್ನನ್ನು ನೆಟ್ಟಗೆ ಮಾಡಿಕೊಳ್ಳಬೇಕು. ಬಳಿಕ ಒಂದು ಕೈಯನ್ನು ಎದುರಾಳಿಯ ಎರಡು ತೋಳುಗಳ ನಡುವಿನಿಂದ ಮೇಲಕ್ಕೆ ತೂರಿಸಿ ಅವನ ಕತ್ತಿನ ಹಿಂಭಾಗವನ್ನು ಹಿಡಿಯಬೇಕು; ಇನ್ನೊಂದು ಕೈಯನ್ನೂ ಹಾಗೆಯೇ ಒಳಕ್ಕೆ ತರಬೇಕು. ಒಳಗಿನ ಸ್ಥಾನ ದೊರೆತಲ್ಲಿ ಹಿಡಿತ ತಾನಾಗಿ ಸಡಿಲಗೊಳ್ಳುತ್ತದೆ. ಅಥವಾ ಎದುರಾಳಿಯ ಒಂದು ಮೊಣಕೈಯನ್ನು ಮೇಲಕ್ಕೆ ತಳ್ಳಿ, ಅದರ ಅಡಿಯಿಂದ ತಲೆಯನ್ನು ಹೊರತಂದು ಪಕ್ಕಕ್ಕೆ ಸರಿಯಬಹುದು.

(ಆ) ಎದುರಿನಿಂದ ಸೊಂಟವನ್ನು ಬಳಸಿ ಹಿಡಿದಾಗ: ಕಾಲುಗಳನ್ನು ಅಗಲಿಸಿ, ಸೊಂಟವನ್ನು ತಗ್ಗಿಸಿ ಹಿಂದಕ್ಕೆ ಒಯ್ಯಬೇಕು. ಎರಡೂ ಮುಂಗೈಗಳನ್ನು ಎದುರಾಳಿಯ ಸೊಂಟದ ಮೂಳೆಗಳಿಗೆ ಒತ್ತಿ ಜಾಗ ಮಾಡಿಕೊಂಡು, ಒಂದು ಕೈಯನ್ನು ಅವನ ಕಂಕುಳಿನ ಅಡಿಗೆ ತೂರಿಸಿ ಪಕ್ಕಕ್ಕೆ ತಿರುಗಬೇಕು.

(ಇ) ಹಿಂದಿನಿಂದ ಹಿಡಿದಾಗ: ಎತ್ತಿ ಕೆಡವದಂತೆ ಮೊಣಕಾಲುಗಳನ್ನು ಬಾಗಿಸಿ ಭಾರವನ್ನು ಕೆಳಕ್ಕೆ ಬಿಡಬೇಕು. ಎದುರಾಳಿಯ ಒಂದು ಮಣಿಕಟ್ಟನ್ನು ಎರಡೂ ಕೈಗಳಿಂದ ಹಿಡಿದು ಹೆಣೆದ ಕೈಗಳನ್ನು ಬಿಡಿಸಿ, ಸೊಂಟವನ್ನು ಪಕ್ಕಕ್ಕೆ ಸರಿಸಿ, ಎದುರಾಳಿಗೆ ಅಭಿಮುಖವಾಗಿ ತಿರುಗಬೇಕು.

(ಈ) ಕಂಕುಳಲ್ಲಿ ತಲೆಯನ್ನು ಅದುಮಿದಾಗ: ಉಸಿರಾಟದ ರಕ್ಷಣೆ ಪ್ರಥಮ ಕರ್ತವ್ಯ. ಗದ್ದವನ್ನು ಒಳಕ್ಕೆ ತಂದು ಮುಖವನ್ನು ಎದುರಾಳಿಯ ಪಕ್ಕೆಯ ಕಡೆಗೆ ತಿರುಗಿಸಬೇಕು. ಒಂದು ಕೈಯಿಂದ ಅವನ ಮಣಿಕಟ್ಟನ್ನು ಕೆಳಕ್ಕೆಳೆದು ಒತ್ತಡವನ್ನು ತಗ್ಗಿಸಿ, ಅವನ ಹಿಂಬದಿಗೆ ಹೆಜ್ಜೆ ಇಟ್ಟು ಬೆನ್ನನ್ನು ನೆಟ್ಟಗೆ ಮಾಡಿಕೊಳ್ಳಬೇಕು.

6. ಕ್ರೀಡಾ ನಿಯಮಗಳಲ್ಲಿನ ವ್ಯತ್ಯಾಸ

ಒಂದು ಕ್ರೀಡೆಯಲ್ಲಿ ಅನುಮತಿಯಿರುವ ಹಿಡಿತ ಇನ್ನೊಂದರಲ್ಲಿ ನಿಷಿದ್ಧವಾಗಿರಬಹುದು. ಬಾಕ್ಸಿಂಗ್‌ನಲ್ಲಿ ಹಿಡಿದುಕೊಳ್ಳುವುದು ತಪ್ಪೆಂದು ಪರಿಗಣಿತವಾಗಿದ್ದು, ರೆಫರಿ ‘ಬ್ರೇಕ್’ ಎಂದೊಡನೆ ಇಬ್ಬರೂ ಹಿಂದಕ್ಕೆ ಹೆಜ್ಜೆ ಇಟ್ಟ ನಂತರವೇ ಆಟ ಮುಂದುವರಿಸತಕ್ಕದ್ದು. ಮುಯೆ ಥಾಯ್‌ನಲ್ಲಿ ಕ್ಲಿಂಚ್‌ನಿಂದಲೇ ಮೊಣಕಾಲಿನ ಹೊಡೆತಕ್ಕೆ ಅವಕಾಶವಿದೆ. ಗ್ರೀಕೋ-ರೋಮನ್ ಕುಸ್ತಿಯಲ್ಲಿ ಸೊಂಟದ ಕೆಳಗೆ ಹಿಡಿಯುವಂತಿಲ್ಲ. ಜೂಡೋದಲ್ಲಿ ಕಾಲು ಹಿಡಿಯುವುದನ್ನು 2010ರಲ್ಲಿ ನಿರ್ಬಂಧಿಸಿ, 2013ರಲ್ಲಿ ಮತ್ತಷ್ಟು ಕಠಿಣಗೊಳಿಸಲಾಯಿತು.

7. ಸುರಕ್ಷತೆ

1) ಕತ್ತಿನ ಎರಡೂ ಬದಿಯ ರಕ್ತನಾಳಗಳ ಮೇಲೆ ಒತ್ತಡ ಬಿದ್ದಲ್ಲಿ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪಬಹುದು. ಅಭ್ಯಾಸದ ವೇಳೆ ಜೊತೆಗಾರರು ಕೈಯಿಂದ ತಟ್ಟಿ ಸೂಚನೆ ನೀಡಿದ ಕ್ಷಣವೇ ಹಿಡಿತ ಬಿಡತಕ್ಕದ್ದು.
2) ಕತ್ತು ಅದುಮಲ್ಪಟ್ಟ ನಂತರ ಧ್ವನಿ ಒಡೆಯುವುದು, ನುಂಗಲು ಅಥವಾ ಉಸಿರಾಡಲು ತೊಂದರೆ, ದೃಷ್ಟಿ ಮಂಜಾಗುವುದು ಕಂಡುಬಂದಲ್ಲಿ ಹೊರಗೆ ಗಾಯದ ಗುರುತಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇಂತಹ ಲಕ್ಷಣಗಳು ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು.
3) ಕತ್ತು ಅಥವಾ ಬೆನ್ನುಮೂಳೆಯ ತೊಂದರೆಯುಳ್ಳವರು ವೈದ್ಯರ ಸಲಹೆ ಪಡೆದ ನಂತರವೇ ಅರ್ಜಿ ಸಲ್ಲಿಸುವುದು ಸೂಕ್ತ.

8. ಆತ್ಮರಕ್ಷಣೆ ಮತ್ತು ಕಾನೂನು

ಸ್ಪರ್ಧೆಯಲ್ಲಿ ಬಿಡಿಸಲು ರೆಫರಿ ಇರುತ್ತಾರೆ, ಬೀದಿಯಲ್ಲಿ ಇರುವುದಿಲ್ಲ. ಅಲ್ಲಿ ಹಿಡಿತದಿಂದ ಹೊರಬರುವುದರ ಉದ್ದೇಶ ಗೆಲ್ಲುವುದಲ್ಲ, ಸುರಕ್ಷಿತ ಸ್ಥಳವನ್ನು ತಲುಪುವುದು. ದಿನಾಂಕ 1-7-2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ, 2023ರ 34ರಿಂದ 44ರವರೆಗಿನ ಪ್ರಕರಣಗಳು ಖಾಸಗಿ ರಕ್ಷಣೆಯ ಹಕ್ಕಿಗೆ ಸಂಬಂಧಿಸಿವೆ. ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿಯನ್ನುಂಟುಮಾಡಲು ಈ ಹಕ್ಕು ಅನ್ವಯಿಸದೆಂದು 37ನೆಯ ಪ್ರಕರಣ ತಿಳಿಸುತ್ತದೆ. ಬಿಡಿಸಿಕೊಂಡ ಕೂಡಲೇ ದೂರ ಸರಿದು, ಕೂಗಿ ಜನರ ಗಮನ ಸೆಳೆದು, ತುರ್ತು ಸಹಾಯ ಸಂಖ್ಯೆ 112ಕ್ಕೆ ಕರೆ ಮಾಡಬೇಕು.

9. ಅರ್ಜಿ ಸಲ್ಲಿಸುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

1) ಜೊತೆಗಾರರು ನಿಜವಾಗಿ ಪ್ರತಿರೋಧ ಒಡ್ಡುವ ಅಭ್ಯಾಸ ಇದೆಯೇ? ಗಾಳಿಯಲ್ಲಿ ಕೈ ಬೀಸಿ ಕಲಿತದ್ದು ಹಿಡಿತಕ್ಕೆ ಸಿಲುಕಿದಾಗ ನೆರವಿಗೆ ಬರುವುದಿಲ್ಲ. ಪ್ರಮಾಣಪತ್ರ ಅಥವಾ ಬೆಲ್ಟಿನ ಬಣ್ಣ ಇದಕ್ಕೆ ಸಾಟಿಯಲ್ಲ.
2) ಪ್ರತಿರೋಧವನ್ನು ಹಂತಹಂತವಾಗಿ ಹೆಚ್ಚಿಸಲಾಗುತ್ತಿದೆಯೇ?
3) ತೂಕ ಹಾಗೂ ವಯೋಮಾನಕ್ಕೆ ಅನುಗುಣವಾಗಿ ಜೋಡಿಗಳನ್ನು ಮಾಡಲಾಗುತ್ತದೆಯೇ?
4) ಮ್ಯಾಟ್, ಪ್ರಥಮ ಚಿಕಿತ್ಸೆಯ ಸಾಮಗ್ರಿ ಹಾಗೂ ಸದಾ ಸ್ಥಳದಲ್ಲಿರುವ ತರಬೇತುದಾರರು ಲಭ್ಯವಿರುವರೇ?
5) ಬಾಲಕಿಯರು ಹಾಗೂ ಮಹಿಳೆಯರಿಗೆ ಮಹಿಳಾ ತರಬೇತುದಾರರ ವ್ಯವಸ್ಥೆ ಇದೆಯೇ?

ಮೇಲ್ಕಂಡ ಅಂಶಗಳನ್ನು ಪೋಷಕರು ತರಬೇತಿ ಸ್ಥಳಕ್ಕೆ ಖುದ್ದಾಗಿ ಭೇಟಿ ನೀಡಿ, ಒಂದು ತರಗತಿಯನ್ನು ವೀಕ್ಷಿಸಿ ಖಚಿತಪಡಿಸಿಕೊಳ್ಳಲು ಕೋರಲಾಗಿದೆ. ಹೆಚ್ಚಿನ ವಿವರಗಳಿಗೆ ಆಯಾ ಜಿಲ್ಲಾ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.