ಕಲ್ಲಿನ ರಥದ ಮೇಲಿದ್ದ ಶಿಖರ

ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಅರಿಯದ ಕನ್ನಡಿಗರು ವಿರಳ. 2017ರಲ್ಲಿ ಬಂದ 50 ರೂಪಾಯಿಯ ಹೊಸ ನೋಟಿನ ಮೇಲೂ ಅದರ ಚಿತ್ರವಿದೆ. ಆದರೆ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ, ಮೇಣ ಸವರಿದ ಕಾಗದದ ನೆಗೆಟಿವ್ ಬಳಸಿ ತೆಗೆದ ಛಾಯಾಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಕಾಣುತ್ತದೆ!

ಸೇವೆಯ ಕೊನೆಯ ವರ್ಷದಲ್ಲಿ ಇವೆರಡನ್ನೂ ಅಕ್ಕಪಕ್ಕ ಇರಿಸಿ, ‘ಏನು ವ್ಯತ್ಯಾಸ?’ ಎಂದಷ್ಟೇ ತರಗತಿಯಲ್ಲಿ ಕೇಳಿದ್ದೆ. 1565ರ ಯುದ್ಧದಿಂದ ಹಂಪಿ ಹಾಳಾಯಿತೆಂದು ಓದಿದ್ದ ಮಕ್ಕಳಿಗೆ, ಯುದ್ಧವಾಗಿ 291 ವರ್ಷಗಳಾದಾಗಲೂ ಇದ್ದ ಶಿಖರ ಆಮೇಲೆ ಇಲ್ಲವಾದದ್ದು ಸೋಜಿಗವೆನಿಸಿತು. ಸ್ಮಾರಕಗಳು ಯುದ್ಧವಿಲ್ಲದ ಕಾಲದಲ್ಲೂ ಅಳಿಯುತ್ತವೆಂಬುದನ್ನು ನಾನು ಬೇರೆ ಹೇಳಬೇಕಾಗಲಿಲ್ಲ.

ಪ್ರಿಯ ಶಿಷ್ಯರೇ, ನಿಮ್ಮೂರಿನ ಗುಡಿ, ಕೆರೆ, ಪೇಟೆಬೀದಿಗಳ ಹಳೆಯ ಚಿತ್ರಗಳು ಮನೆಯಲ್ಲಿದ್ದರೆ ಹಿರಿಯರನ್ನು ಕೇಳಿ, ಹಿಂಬದಿಯಲ್ಲಿ ಸ್ಥಳ, ಇಸವಿ ಬರೆದಿಡಿ. ನಾಳಿನ ಅಧ್ಯಾಪಕರಿಗೆ ಅವು ಬೇಕಾಗುತ್ತವೆ.