ಮನೆ ಮತ್ತು ನಿವೇಶನಗಳ ಕ್ರಯ–ವಿಕ್ರಯ: ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಉಡುಪಿ, ಮಣಿಪಾಲ, ಕಾಪು ಹಾಗೂ ಕಾರ್ಕಳ ಪ್ರದೇಶಗಳಲ್ಲಿ ವಾಸದ ಮನೆ, ನಿವೇಶನ ಅಥವಾ ವಸತಿ ಸಮುಚ್ಚಯದ ಮನೆಯನ್ನು ಖರೀದಿಸುವ ಮತ್ತು ಮಾರಾಟ ಮಾಡುವ ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗಿನ ಪ್ರಶ್ನೋತ್ತರಗಳನ್ನು ನೀಡಲಾಗಿದೆ.

1. ಕ್ರಯದ ಕರಾರು ಮಾಡಿಕೊಂಡು ಪೂರ್ಣ ಹಣ ಪಾವತಿಸಿದರೆ ಮನೆ ಖರೀದಿದಾರರದ್ದಾಗುವುದೇ?

ಇಲ್ಲ. ಕರಾರಿನಿಂದ ಆಸ್ತಿಯಲ್ಲಿ ಯಾವ ಹಕ್ಕೂ ಉಂಟಾಗುವುದಿಲ್ಲವೆಂದು ಸ್ವತ್ತು ವರ್ಗಾವಣೆ ಅಧಿನಿಯಮ, 1882ರ 54ನೇ ಪ್ರಕರಣವು ಸ್ಪಷ್ಟಪಡಿಸುತ್ತದೆ. 100 ರೂ. ಮತ್ತು ಅದಕ್ಕೆ ಮೇಲ್ಪಟ್ಟ ಮೌಲ್ಯದ ಸ್ಥಿರಾಸ್ತಿಯ ಮಾಲೀಕತ್ವವು ನೋಂದಾಯಿತ ಕ್ರಯಪತ್ರದ ಮೂಲಕವೇ ವರ್ಗಾವಣೆಯಾಗತಕ್ಕದ್ದು. ಕರಾರಿನ ಅವಧಿಯಲ್ಲಿ ಮಾರಾಟಗಾರರು ಮೃತಪಟ್ಟಲ್ಲಿ ಖರೀದಿದಾರರು ಅವರ ವಾರಸುದಾರರಿಂದ ಕ್ರಯಪತ್ರ ಬರೆಸಿಕೊಳ್ಳಬೇಕಾಗುತ್ತದೆ.

2. ಮಾರಾಟಗಾರರು ಮುಂಬಯಿ ಅಥವಾ ವಿದೇಶದಲ್ಲಿದ್ದಾರೆ. ಅಧಿಕಾರ ಪತ್ರದ ಮೂಲಕ ಖರೀದಿಸಬಹುದೇ?

ಅಧಿಕಾರ ಪತ್ರ ಹೊಂದಿರುವವರು ಮಾಲೀಕರ ಪರವಾಗಿ ಕ್ರಯಪತ್ರ ಬರೆದುಕೊಡಬಹುದು. ಆದರೆ ಅಧಿಕಾರ ಪತ್ರವೇ ಕ್ರಯಪತ್ರವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ತೀರ್ಪು ನೀಡಿದೆ. ವಿದೇಶದಲ್ಲಿ ಬರೆದ ಅಧಿಕಾರ ಪತ್ರವು ಭಾರತೀಯ ರಾಯಭಾರ ಕಚೇರಿ ಅಥವಾ ನೋಟರಿಯವರ ಮುಂದೆ ದೃಢೀಕರಣಗೊಂಡಿರಬೇಕು ಹಾಗೂ ಭಾರತಕ್ಕೆ ಬಂದ 3 ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಪಾವತಿಸಬೇಕು. ಅಧಿಕಾರ ಕೊಟ್ಟವರು ಜೀವಂತರಿದ್ದಾರೆಂಬುದನ್ನೂ ಅಧಿಕಾರವನ್ನು ಹಿಂಪಡೆದಿಲ್ಲವೆಂಬುದನ್ನೂ ಖರೀದಿದಾರರು ನೇರವಾಗಿ ವಿಚಾರಿಸಿಕೊಳ್ಳುವುದು ಒಳಿತು.

3. ಮುಂಗಡ ಕೊಡುವ ಮೊದಲು ಯಾವ ದಾಖಲೆಗಳನ್ನು ಪರಿಶೀಲಿಸಬೇಕು?

ಅ) ಮಾರಾಟಗಾರರಿಗೆ ಹಕ್ಕು ಬಂದ ಮೂಲ ದಸ್ತಾವೇಜು ಮತ್ತು ಅದರ ಹಿಂದಿನ ದಸ್ತಾವೇಜುಗಳು.
ಆ) ಪಹಣಿ, ಭೂ ಪರಿವರ್ತನೆ ಆದೇಶ ಮತ್ತು ನಕ್ಷೆ. ಈ ಜಿಲ್ಲೆಯಲ್ಲಿ ವಿಸ್ತೀರ್ಣವನ್ನು ಎಕರೆ–ಸೆಂಟ್ಸ್‌ಗಳಲ್ಲಿ ನಮೂದಿಸಲಾಗುತ್ತದೆ. 100 ಸೆಂಟ್ಸ್ ಒಂದು ಎಕರೆಯಾಗಿದ್ದು, ಒಂದು ಸೆಂಟ್ಸ್ 435.6 ಚದರ ಅಡಿಗೆ ಸಮ.
ಇ) ನಗರಸಭೆ ಅಥವಾ ಪುರಸಭೆಯ ಇ-ಖಾತಾ; ಗ್ರಾಮ ಪಂಚಾಯತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ನಮೂನೆ 9 ಮತ್ತು 11.
ಈ) ಋಣಭಾರ ಪ್ರಮಾಣ ಪತ್ರ. ಸಾಮಾನ್ಯವಾಗಿ 30 ವರ್ಷಗಳ ಅವಧಿಗೆ ಪಡೆಯುವುದು ಸೂಕ್ತ.

ಋಣಭಾರ ಪ್ರಮಾಣ ಪತ್ರದಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ ಕಂಡುಬರುತ್ತವೆ. ನ್ಯಾಯಾಲಯದ ದಾವೆ, ಬಾಡಿಗೆದಾರರ ಸ್ವಾಧೀನ ಹಾಗೂ ನೋಂದಾಯಿಸದೆ ಬ್ಯಾಂಕಿನಲ್ಲಿ ಮೂಲಪತ್ರವಿಟ್ಟು ಪಡೆದ ಸಾಲಗಳು ಅದರಲ್ಲಿ ಕಾಣದಿರಬಹುದು. ಆದ್ದರಿಂದ ಮೂಲಪತ್ರವನ್ನೇ ನೋಡತಕ್ಕದ್ದು. ಜೆರಾಕ್ಸ್ ಪ್ರತಿಯಿಂದ ತೃಪ್ತರಾಗಬಾರದು.

4. ಕುಟುಂಬದ ಆಸ್ತಿಯಾದಲ್ಲಿ ಯಾರೆಲ್ಲ ಸಹಿ ಮಾಡಬೇಕು?

ಹಕ್ಕುಳ್ಳ ಎಲ್ಲರೂ. ಪಹಣಿಯಲ್ಲಿ ಒಬ್ಬರ ಹೆಸರು ಮಾತ್ರ ಇದ್ದರೂ ಆಸ್ತಿಯು ಅವರೊಬ್ಬರದ್ದೇ ಎಂದು ಭಾವಿಸಲಾಗದು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯನ್ವಯ ಹೆಣ್ಣು ಮಕ್ಕಳಿಗೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಸಮಾನ ಹಕ್ಕಿದೆ. ಅಳಿಯಸಂತಾನ ಕಟ್ಟಿಗೆ ಒಳಪಟ್ಟಿದ್ದ ಕುಟುಂಬಗಳ ಹಳೆಯ ಆಸ್ತಿಗಳಲ್ಲಿ ಹಕ್ಕು ತಾಯಿಯ ಕಡೆಯಿಂದ ಬಂದಿರುತ್ತದೆ. ಅಂತಹ ಸಂದರ್ಭದಲ್ಲಿ ಕುಟುಂಬ ಮತ್ತು ಕವರುಗಳ ವಂಶವೃಕ್ಷ ಹಾಗೂ ನೋಂದಾಯಿತ ವಿಭಾಗ ಪತ್ರವನ್ನು ವಕೀಲರಿಂದ ಪರಿಶೀಲಿಸಿಕೊಳ್ಳತಕ್ಕದ್ದು. ಸಹಿ ಮಾಡದ ಒಬ್ಬ ಹಕ್ಕುದಾರರು ವರ್ಷಗಳ ನಂತರವೂ ದಾವೆ ಹೂಡಬಹುದು.

5. ಮನೆಯೊಂದಿಗೆ ಕುಮ್ಕಿ ಜಾಗವನ್ನೂ ಮಾರುವುದಾಗಿ ಹೇಳುತ್ತಾರೆ. ಇದು ಸರಿಯೇ?

ಸರಿಯಲ್ಲ. ಕುಮ್ಕಿಯು ಸರ್ಕಾರಿ ಜಮೀನು. ಕದೀಂ ವರ್ಗ ಜಮೀನಿನ 100 ಗಜಗಳೊಳಗೆ ಸೊಪ್ಪು, ಸೌದೆ, ಮೇವು ಪಡೆಯುವ ಸೌಲಭ್ಯ ಮಾತ್ರ ವರ್ಗದಾರರಿಗಿದೆ. ಮನೆ ಅಥವಾ ಬಾವಿಯು ಕುಮ್ಕಿಯಲ್ಲಿದೆಯೇ ಎಂಬುದನ್ನು ಅಳತೆ ಮಾಡಿಸಿ ಖಚಿತಪಡಿಸಿಕೊಳ್ಳಿರಿ. ಅಂತೆಯೇ ಭೂ ನ್ಯಾಯ ಮಂಡಳಿಯ ಆದೇಶದಿಂದ ಬಂದ ಜಮೀನು, ಸರ್ಕಾರದ ಮಂಜೂರಾತಿ ಜಮೀನು ಮತ್ತು ಮೂಲಗೇಣಿ ಜಾಗಗಳಲ್ಲಿ ಪರಭಾರೆಯ ಷರತ್ತುಗಳನ್ನು ಓದಿಕೊಳ್ಳತಕ್ಕದ್ದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ವರ್ಗಾಯಿಸಲು 1978ರ ಅಧಿನಿಯಮದಡಿ ಅವಕಾಶವಿಲ್ಲ.

6. ಕಾಪು ಕಡಲತೀರದ ಮನೆ ಹಾಗೂ ಮಣಿಪಾಲದ ವಸತಿ ಸಮುಚ್ಚಯಗಳಿಗೆ ವಿಶೇಷ ನಿಯಮಗಳಿವೆಯೇ?

ಸಮುದ್ರದ ಉಬ್ಬರ ರೇಖೆಯಿಂದ 500 ಮೀಟರ್‌ವರೆಗಿನ ಪ್ರದೇಶಕ್ಕೆ ಕರಾವಳಿ ನಿಯಂತ್ರಣ ವಲಯದ ನಿಯಮಗಳು ಅನ್ವಯಿಸುತ್ತವೆ. ಅಲ್ಲಿ ಜಾಗ ಖರೀದಿಸಿದ ಮಾತ್ರಕ್ಕೆ ಕಟ್ಟಡ ಕಟ್ಟುವ ಅಥವಾ ವಿಸ್ತರಿಸುವ ಅನುಮತಿ ದೊರೆಯುವುದೆಂದು ತಿಳಿಯಬಾರದು. ವಸತಿ ಸಮುಚ್ಚಯವಾದಲ್ಲಿ ಅನುಮೋದಿತ ನಕ್ಷೆ ಮತ್ತು ವಾಸಯೋಗ್ಯ ಪ್ರಮಾಣ ಪತ್ರವನ್ನು ಕೇಳಿ ಪಡೆಯಿರಿ. 500 ಚದರ ಮೀಟರ್‌ಗಿಂತ ಹೆಚ್ಚಿನ ಜಾಗದ ಅಥವಾ 8ಕ್ಕಿಂತ ಹೆಚ್ಚು ಮನೆಗಳ ಹೊಸ ಯೋಜನೆಗಳು ರೇರಾ ನೋಂದಣಿ ಹೊಂದಿರತಕ್ಕದ್ದು. ಅಂತಹ ಯೋಜನೆಗಳಲ್ಲಿ ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ.

7. ಎಷ್ಟು ಶುಲ್ಕ ತಗಲುತ್ತದೆ?

ಕ್ರಯದ ಮೊಬಲಗು ಮತ್ತು ಮಾರ್ಗಸೂಚಿ ಬೆಲೆ ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಶೇ. 5 ಮುದ್ರಾಂಕ ಶುಲ್ಕ, ಮುದ್ರಾಂಕ ಶುಲ್ಕದ ಮೇಲೆ ಶೇ. 10 ಉಪಕರ ಹಾಗೂ ಅಧಿಭಾರ (ನಗರ ಪ್ರದೇಶದಲ್ಲಿ ಶೇ. 2, ಗ್ರಾಮಾಂತರದಲ್ಲಿ ಶೇ. 3) ಪಾವತಿಸಬೇಕು. ನೋಂದಣಿ ಶುಲ್ಕವು 31-08-2025ರಿಂದ ಶೇ. 2 ಆಗಿದೆ.

ಉದಾಹರಣೆ: ಕಾರ್ಕಳ ಪುರಸಭೆ ವ್ಯಾಪ್ತಿಯಲ್ಲಿ 40 ಲಕ್ಷ ರೂ. ಬೆಲೆಯ ಹಳೆಯ ಮನೆ.
ಮುದ್ರಾಂಕ ಶುಲ್ಕ: 2,00,000 ರೂ.
ಉಪಕರ: 20,000 ರೂ.
ಅಧಿಭಾರ: 4,000 ರೂ.
ನೋಂದಣಿ ಶುಲ್ಕ: 80,000 ರೂ.
ಒಟ್ಟು: 3,04,000 ರೂ.

8. ಕ್ರಯಪತ್ರದಲ್ಲಿ ಕಡಿಮೆ ಬೆಲೆ ತೋರಿಸಿ ಉಳಿದುದನ್ನು ನಗದಾಗಿ ಕೊಡಬಹುದೇ?

ಕೂಡದು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂ. ಅಥವಾ ಅದಕ್ಕೆ ಮೇಲ್ಪಟ್ಟ ಮೊತ್ತವನ್ನು ನಗದಾಗಿ ಪಡೆಯುವುದನ್ನು 2015ರಿಂದ ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಪಡೆದಷ್ಟೇ ಮೊತ್ತದ ದಂಡ ವಿಧಿಸಬಹುದು. ವ್ಯವಹಾರ ಮುರಿದುಬಿದ್ದಲ್ಲಿ ದಾಖಲೆಯಿಲ್ಲದ ಹಣವನ್ನು ಹಿಂಪಡೆಯುವುದು ಕಷ್ಟ. ಬೆಲೆ 50 ಲಕ್ಷ ರೂ. ಅಥವಾ ಹೆಚ್ಚಿದ್ದರೆ ಖರೀದಿದಾರರು ಶೇ. 1 ತೆರಿಗೆ ಕಡಿತಗೊಳಿಸಿ ಪಾವತಿಸಬೇಕು. ಮಾರಾಟಗಾರರು ಅನಿವಾಸಿ ಭಾರತೀಯರಾದಲ್ಲಿ ಕಡಿತದ ದರ ಬೇರೆಯಾಗಿದ್ದು, 50 ಲಕ್ಷದ ಮಿತಿ ಅನ್ವಯಿಸುವುದಿಲ್ಲ.

9. ನೋಂದಣಿಯ ವಿಧಾನವೇನು?

ಕಾವೇರಿ 2.0 ತಂತ್ರಾಂಶದಲ್ಲಿ ದಸ್ತಾವೇಜಿನ ವಿವರ ಸಲ್ಲಿಸಿ, ಉಪನೋಂದಣಾಧಿಕಾರಿಗಳ ಪರಿಶೀಲನೆಯ ನಂತರ ಶುಲ್ಕ ಪಾವತಿಸಿ ಸಮಯ ಕಾಯ್ದಿರಿಸಬೇಕು. ನಿಗದಿತ ದಿನ ಉಭಯ ಪಕ್ಷದವರೂ ಗುರುತಿನ ಚೀಟಿ ಮತ್ತು ಸಾಕ್ಷಿದಾರರೊಂದಿಗೆ ಹಾಜರಾಗತಕ್ಕದ್ದು. ಭಾವಚಿತ್ರ ಮತ್ತು ಹೆಬ್ಬೆರಳ ಗುರುತು ಪಡೆಯಲಾಗುವುದು. ಸೆಪ್ಟೆಂಬರ್ 2024ರಿಂದ ಜಿಲ್ಲೆಯೊಳಗಿನ ಯಾವುದೇ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲು ಅವಕಾಶವಿದೆ. ಬರೆದುಕೊಟ್ಟ ದಿನದಿಂದ 4 ತಿಂಗಳೊಳಗೆ ದಸ್ತಾವೇಜನ್ನು ಹಾಜರುಪಡಿಸತಕ್ಕದ್ದು. ಅನಾರೋಗ್ಯದಿಂದ ಬರಲಾಗದವರ ಮನೆಗೆ ಬಂದು ನೋಂದಾಯಿಸುವಂತೆ ವಿಶೇಷ ಕಾರಣ ನೀಡಿ ಮನವಿ ಸಲ್ಲಿಸಬಹುದು.

10. ನೋಂದಣಿಯಾದರೆ ಮಾಲೀಕತ್ವಕ್ಕೆ ಸರ್ಕಾರ ಖಾತರಿ ನೀಡಿದಂತೆಯೇ?

ಇಲ್ಲ. ನೋಂದಣಿಯು ವ್ಯವಹಾರವನ್ನು ದಾಖಲಿಸುತ್ತದೆ. ಮಾರಾಟಗಾರರಿಗೆ ಇಲ್ಲದ ಹಕ್ಕನ್ನು ಖರೀದಿದಾರರಿಗೆ ಕೊಡುವುದಿಲ್ಲ. ಹಕ್ಕಿನ ಪರಿಶೀಲನೆ ಖರೀದಿದಾರರ ಹೊಣೆಯಾಗಿರುತ್ತದೆ.

11. ನೋಂದಣಿಯ ನಂತರ ಏನು ಮಾಡಬೇಕು?

ಪಹಣಿ ಇರುವ ಜಮೀನಾದಲ್ಲಿ ಹಕ್ಕು ಬದಲಾವಣೆಯ ಪ್ರಕ್ರಿಯೆ ತಹಶೀಲ್ದಾರರ ಕಚೇರಿಯಲ್ಲಿ ನಡೆಯುತ್ತದೆ. ಅದು ಪೂರ್ಣಗೊಂಡಿದೆಯೇ ಎಂದು ನೋಡಿಕೊಳ್ಳಿರಿ. ಖಾತಾ, ಮನೆ ತೆರಿಗೆ, ವಿದ್ಯುತ್ ಮತ್ತು ನೀರಿನ ಸಂಪರ್ಕಗಳನ್ನು ತಮ್ಮ ಹೆಸರಿಗೆ ಬದಲಾಯಿಸಿಕೊಳ್ಳಿರಿ. ಕೊನೆಯದಾಗಿ ಹೊಸ ಋಣಭಾರ ಪ್ರಮಾಣ ಪತ್ರ ಪಡೆದು, ತಮ್ಮ ಕ್ರಯಪತ್ರ ಅದರಲ್ಲಿ ನಮೂದಾಗಿರುವುದನ್ನು ಖಚಿತಪಡಿಸಿಕೊಳ್ಳಿರಿ.

ವಿ.ಸೂ.: ಶುಲ್ಕದ ದರಗಳು ಕಾಲಕಾಲಕ್ಕೆ ಬದಲಾಗುವುದರಿಂದ ದಸ್ತಾವೇಜು ಸಿದ್ಧಪಡಿಸುವ ಮೊದಲು ಸಂಬಂಧಪಟ್ಟ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಕೊಳ್ಳಲು ಕೋರಲಾಗಿದೆ.